ಜಾಮೀನಿನ ಜಾಡು: ಮುಂಬಯಿಗೆ ಬಂದ ಕನ್ನಡಿಗರು ನೆಲೆ ಆರಿಸಿಕೊಂಡ ಬಗೆ

ದುಬಾರಿ ಮಹಾನಗರಕ್ಕೆ ಹೊಸದಾಗಿ ಬಂದವರು ಯಾವ ಬಡಾವಣೆಯಲ್ಲಿ ಮನೆ ಮಾಡುತ್ತಾರೆ ಎಂಬ ಪ್ರಶ್ನೆಗೆ ನಗರ ಅರ್ಥಶಾಸ್ತ್ರ ನೇರವಾದ ಉತ್ತರ ಕೊಡುತ್ತದೆ. ವಿಲಿಯಂ ಅಲೊನ್ಸೊ 1964ರಲ್ಲಿ ಮಂಡಿಸಿದ ಮಾದರಿಯಂತೆ, ನಗರದ ನಡುಭಾಗದಿಂದ ದೂರ ಸರಿದಷ್ಟೂ ನೆಲದ ಬೆಲೆ ಇಳಿಯುತ್ತದೆ, ಓಡಾಟದ ಖರ್ಚು ಏರುತ್ತದೆ. ಪ್ರತಿ ಕುಟುಂಬವೂ ಈ ಎರಡನ್ನೂ ತೂಗಿ ತನಗೆ ಒಗ್ಗುವ ಜಾಗ ಹಿಡಿಯುತ್ತದೆ. ಈ ಮಾದರಿ ಒಂದು ಸಂಗತಿಯನ್ನು ಮೊದಲೇ ಒಪ್ಪಿಕೊಂಡು ಹೊರಡುತ್ತದೆ: ಇಡೀ ನಗರ ಹೊಸಬರ ಕಣ್ಣ ಮುಂದಿದೆ, ಎಲ್ಲ ಬಾಗಿಲುಗಳೂ ಹಣಕ್ಕೆ ತೆರೆಯುತ್ತವೆ ಎಂದು. ಮುಂಬಯಿಗೆ ಹೋದ ಕನ್ನಡ ಕರಾವಳಿಯವರ ಮತ್ತು ಒಳನಾಡಿನವರ ನೂರು ವರ್ಷಗಳ ಅನುಭವ ಇದನ್ನು ಪುಷ್ಟೀಕರಿಸುವುದಿಲ್ಲ. ಅಲ್ಲಿ ಬಾಡಿಗೆಗಿಂತ ಮೊದಲು ಬೇಕಾದದ್ದು ಜಾಮೀನು. ಯಾರ ಹೆಸರು ಹೇಳಿದರೆ ಬಾಗಿಲು ತೆರೆಯುತ್ತದೋ ಆ ಹೆಸರು ಇರುವ ಕೇರಿಯೇ ಹೊಸಬರ ಕೇರಿಯಾಯಿತು ಎಂಬುದು ಈ ಲೇಖನದ ವಾದ.

ಇದಕ್ಕೆ ಮುಖ್ಯ ಆಧಾರವಾಗಿ ಬಳಸಿಕೊಂಡಿರುವುದು ಸಂಸ್ಥೆಗಳ ವಿಳಾಸಗಳನ್ನು. ಸಾಮಾನ್ಯ ವಲಸಿಗರು ಮನೆ ಹುಡುಕಿದ ಕಥೆಯನ್ನು ಬರೆದಿಡುವುದಿಲ್ಲ. ಅವರು ಕಟ್ಟಿಕೊಂಡ ಸಂಘ, ಸಹಕಾರಿ ಬ್ಯಾಂಕು, ರಾತ್ರಿ ಶಾಲೆ, ಊಟದ ಮನೆ ಮಾತ್ರ ಒಂದು ರಸ್ತೆಯಲ್ಲಿ, ಒಂದು ಇಸವಿಯಲ್ಲಿ ನೆಲೆಯೂರಿರುತ್ತವೆ. ಆ ವಿಳಾಸಗಳನ್ನು ಕಾಲಕ್ರಮದಲ್ಲಿ ಜೋಡಿಸಿದರೆ ಜನ ನಡೆದ ದಾರಿ ಸಾಕಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಆರಂಭ ಆಡಳಿತದ ಒಂದು ಗಡಿರೇಖೆಯಲ್ಲಿದೆ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ದಕ್ಷಿಣ ಕನ್ನಡ 1956ರವರೆಗೂ ಮದ್ರಾಸಿನಲ್ಲೇ ಉಳಿಯಿತು. ಕುಮಟೆ, ಹೊನ್ನಾವರ, ಕಾರವಾರದವರಿಗೆ ಮೇಲ್ಮನವಿಯ ನ್ಯಾಯಾಲಯ, ವಿಶ್ವವಿದ್ಯಾಲಯದ ಪರೀಕ್ಷೆ, ಸರ್ಕಾರಿ ನೌಕರಿ ಎಲ್ಲವೂ ಮುಂಬಯಿಯಾಯಿತು. ರೈಲಂತೂ ಆ ಜಿಲ್ಲೆಯ ಕರಾವಳಿಗೆ ಇಪ್ಪತ್ತನೆಯ ಶತಮಾನದ ಕೊನೆಯವರೆಗೆ ಬರಲೇ ಇಲ್ಲ. ಮಂಗಳೂರಿಗೆ 1907ರಲ್ಲಿ ಬಂದ ರೈಲು ಕೂಡ ಮದ್ರಾಸಿನ ಕಡೆಗೆ ಮುಖ ಮಾಡಿತ್ತು. ಹೀಗಾಗಿ ಎರಡೂ ಜಿಲ್ಲೆಯವರು ಬಹುಕಾಲ ಹಡಗಿನಲ್ಲೇ ಮುಂಬಯಿಗೆ ಹೋದರು. ಆದರೆ ಹೋದ ಕಾರಣಗಳು ಬೇರೆಯಾಗಿದ್ದವು, ಹಾಗಾಗಿ ಇಳಿದುಕೊಂಡ ಕೇರಿಗಳೂ ಬೇರೆಯಾದವು.

ಉತ್ತರ ಕನ್ನಡದ ಚಿತ್ರಾಪುರ ಸಾರಸ್ವತರನ್ನು ಇಲ್ಲಿ ತುಸು ವಿವರವಾಗಿ ನೋಡಬೇಕು. ಮನೆಮಾತು ಕೊಂಕಣಿ, ಓದುಬರಹ ಬಹುಮಟ್ಟಿಗೆ ಕನ್ನಡ, ಉದ್ಯೋಗ ಗುಮಾಸ್ತಿಕೆ ಮತ್ತು ವಕೀಲಿ. ಈ ಚಿಕ್ಕ ಸಮುದಾಯ ಮುಂಬಯಿಯ ಮನೆಯ ಸಮಸ್ಯೆಗೆ ಕಂಡುಕೊಂಡ ಉತ್ತರ ಭಾರತದ ನಗರ ಇತಿಹಾಸದಲ್ಲೇ ಗಮನಾರ್ಹವಾದದ್ದು. 1906ರಲ್ಲಿ ಶ್ರೀಪಾದ ಸುಬ್ಬರಾವ್ ತಲ್ಮಕಿಯವರ ಮುಂದಾಳುತನದಲ್ಲಿ ಶಾಮರಾವ್ ವಿಠಲ್ ಸಹಕಾರಿ ಪತ್ತಿನ ಸಂಘ ಹುಟ್ಟಿತು. 1911ರಲ್ಲಿ ಕೆನರಾ ಸಾರಸ್ವತ ಅಸೋಸಿಯೇಷನ್ ಬಂತು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ನೋಂದಣಿಯಾಯಿತು. ದೇಶದ ಮೊದಮೊದಲ ವಸತಿ ಸಹಕಾರಿ ಸಂಘಗಳ ಸಾಲಿನಲ್ಲಿ ಅದಕ್ಕೆ ಅಗ್ರಸ್ಥಾನವಿದೆ. ತಾಡದೇವದ ತಲ್ಮಕಿವಾಡಿ ಆಮೇಲಿನದು.

ಈ ಇಸವಿಗಳ ಅನುಕ್ರಮವೇ ಮಹತ್ವದ ಸಾಕ್ಷ್ಯ. ಮೊದಲು ಸಾಲ, ನಂತರ ಸಂಘ, ಕೊನೆಗೆ ಮನೆ. ತಿಂಗಳ ಸಂಬಳದ ಗುಮಾಸ್ತನೊಬ್ಬ ಒಬ್ಬಂಟಿಯಾಗಿ ಮುಂಬಯಿಯ ನೆಲಕ್ಕೆ ಬೆಲೆ ಕಟ್ಟಲಾರ. ಒಬ್ಬರಿಗೊಬ್ಬರು ಜಾಮೀನು ನಿಂತು ಒಂಬತ್ತು ವರ್ಷ ಸಾಲ ಕೊಟ್ಟು ತೀರಿಸಿದ ಅಭ್ಯಾಸ ಇದ್ದುದರಿಂದಲೇ ಒಟ್ಟಾಗಿ ನೆಲ ಹಿಡಿಯುವ ಧೈರ್ಯ ಬಂತು. ಗಾಮದೇವಿಯ ಮೊದಲ ಏರ್ಪಾಟಿನಲ್ಲಿ ಕಟ್ಟಡದ ಒಡೆತನ ಸಂಘದ್ದು, ಸದಸ್ಯ ಸಂಘದ ಪಾಲುದಾರನೂ ಹೌದು, ಬಾಡಿಗೆದಾರನೂ ಹೌದು. ಬೆಲೆ ಏರಿದಾಗ ಮಾರಿ ಲಾಭ ಮಾಡಿಕೊಳ್ಳುವ ಆಸೆಗೆ ಅಲ್ಲಿ ಅವಕಾಶ ಕಡಿಮೆ, ಮನೆಯಿಂದ ಎಬ್ಬಿಸುತ್ತಾರೆಂಬ ಭಯವೂ ಕಡಿಮೆ. ಬಡಾವಣೆಯ ಆಯ್ಕೆಯನ್ನು ಕುಟುಂಬ ಮಾಡುವ ಬದಲು ಸಮುದಾಯ ಮಾಡಿದ ಅಪರೂಪದ ಉದಾಹರಣೆ ಇದು. ಇಂದು ದೊಡ್ಡ ನಗರಕ್ಕೆ ಹೊರಟವರಿಗೆ ಸಿಗುವ ಸಲಹೆಗಳಲ್ಲಿ ಈ ದಾರಿಯ ಪ್ರಸ್ತಾಪವೇ ಇರುವುದಿಲ್ಲ ಎಂಬುದು ನನಗೆ ವಿಷಾದದ ಸಂಗತಿಯಾಗಿ ತೋರುತ್ತದೆ.

ದಕ್ಷಿಣ ಕನ್ನಡದಿಂದ ಬಂದವರ ದಾರಿ ಬೇರೆ. ಹೋಟೆಲಿಗೆ, ಕ್ಯಾಂಟೀನಿಗೆ ಬಂದ ಹುಡುಗರಿಗೆ ಕೆಲಸದ ಜೊತೆಯಲ್ಲೇ ಮಲಗುವ ಜಾಗವೂ ಸಿಗುತ್ತಿತ್ತು. ರಾತ್ರಿ ಹೋಟೆಲು ಮುಚ್ಚಿದ ಮೇಲೆ ಅದೇ ಕಟ್ಟಡ ಅವರ ಮನೆ. ಊರಿನವರೊಬ್ಬರು ಮಾಲಿಕರಿಗೆ ಹೇಳಿದ ಮಾತೇ ಜಾಮೀನು, ಹೋಟೆಲು ಇರುವ ರಸ್ತೆಯೇ ಬಡಾವಣೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮುಂಬಯಿಯ ಕೋಟೆ (ಫೋರ್ಟ್) ಪ್ರದೇಶದಲ್ಲಿ ಕನ್ನಡ ರಾತ್ರಿ ಶಾಲೆಗಳು ತೆರೆದದ್ದನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಸಂಸಾರವಂದಿಗರು ಕಡಿಮೆಯಿದ್ದ ಆ ಕಚೇರಿ ವಠಾರದಲ್ಲಿ ಕನ್ನಡ ಶಾಲೆ ನಡೆಯಿತೆಂದರೆ, ಹಗಲು ಲೋಟ ತೊಳೆದು ಇರುಳು ಪಾಠ ಕಲಿತ ಹುಡುಗರು ಅಲ್ಲೇ ಮಲಗುತ್ತಿದ್ದರು ಎಂದೇ ಅರ್ಥ. ಮೊಗವೀರರು, ಬಂಟರು, ಬಿಲ್ಲವರು ಒಬ್ಬೊಬ್ಬರಾಗಿ ಕಟ್ಟಿದ ಸಂಘಗಳು ಈ ಹುಡುಗರನ್ನು ಓದಿಸಿ ಮೇಲೆತ್ತಿದವು. ಇದಕ್ಕಾಗಿ ಅವುಗಳಿಗೆ ಸಲ್ಲಬೇಕಾದ ಗೌರವ ಇನ್ನೂ ಪೂರ್ತಿಯಾಗಿ ಸಂದಿಲ್ಲ.

ಸಂಸಾರ ತರುವ ಹೊತ್ತಿಗೆ ಲೆಕ್ಕ ಬದಲಾಗುತ್ತದೆ. 1896ರ ಪ್ಲೇಗಿನ ನಂತರ, 1898ರಲ್ಲಿ ಸ್ಥಾಪನೆಯಾದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಊರಿನ ಉತ್ತರಕ್ಕೆ ದಾದರ್–ಮಾಟುಂಗಾ ಯೋಜನೆಯನ್ನು ಕೈಗೆತ್ತಿಕೊಂಡಿತು. ಅಗಲ ರಸ್ತೆ, ಮರ, ಮೂರು ರೈಲು ಮಾರ್ಗಗಳ ಸಾಮೀಪ್ಯ. ಮಧ್ಯ ರೈಲ್ವೆಯ ಮಾಟುಂಗಾ, ಪಶ್ಚಿಮದ ಮಾಟುಂಗಾ ರೋಡ್, ಹಾರ್ಬರ್ ಮಾರ್ಗದ ಕಿಂಗ್ಸ್ ಸರ್ಕಲ್ ಇವೆಲ್ಲ ನಡೆಯುವ ದೂರದಲ್ಲಿವೆ. ಚಾಳಿನ ಖೋಲಿಯಲ್ಲಿ ಶೌಚಾಲಯ ಪಡಸಾಲೆಯ ತುದಿಯಲ್ಲಿ, ಎಲ್ಲರಿಗೂ ಒಂದೇ. ಇಲ್ಲಿನ ಫ್ಲ್ಯಾಟಿನಲ್ಲಿ ಅದು ಮನೆಯೊಳಗೇ ಬಂತು. ಮುಂಬಯಿಯ ಮಧ್ಯಮವರ್ಗದ ವಾಸದ ಸ್ವರೂಪ ಇಂಥ ಫ್ಲ್ಯಾಟುಗಳಲ್ಲಿ ರೂಪುಗೊಂಡದ್ದನ್ನೂ ಬೇರೆ ಬೇರೆ ಊರಿನವರು ಮಾಟುಂಗಾದಲ್ಲಿ ‘ದಕ್ಷಿಣ ಭಾರತೀಯರು’ ಆದದ್ದನ್ನೂ ನಿಖಿಲ್ ರಾವ್ ಅವರ 2013ರ ಗ್ರಂಥ ಚರ್ಚಿಸಿದೆ. ಅಲ್ಲಿ ತಮಿಳರ ಸಂಖ್ಯೆ ದೊಡ್ಡದು. ಆದರೂ 1926ರ ಮೈಸೂರು ಅಸೋಸಿಯೇಷನ್ ಮಾಟುಂಗಾವನ್ನೇ ನೆಲೆ ಮಾಡಿಕೊಂಡದ್ದು, 1933ರ ಕರ್ನಾಟಕ ಸಂಘ ಪಕ್ಕದ ಮಾಹಿಮಿನ ಕಡೆ ತಳವೂರಿದ್ದು, 1942ರಲ್ಲಿ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಮಾಟುಂಗಾ ನಿಲ್ದಾಣದ ಬಳಿ ಎಲೆ ಹಾಕಿದ್ದು ಒಂದೇ ದಿಕ್ಕಿಗೆ ಬೊಟ್ಟು ಮಾಡುತ್ತವೆ. ಬಡಾವಣೆ ಎಂದರೆ ನಾಲ್ಕು ಗೋಡೆಗಳಷ್ಟೇ ಆಗಿರಲಿಲ್ಲ: ಹೆಂಡತಿ ಊರಿನಲ್ಲಿರುವವನಿಗೆ ಸಾರು ಅನ್ನ, ಮದುವೆಗೆ ಸಭಾಗೃಹ, ಹೂವಿನ ಅಂಗಡಿ, ತನ್ನ ಮಾತಿನಲ್ಲಿ ನಾಟಕ. ಬಾಡಿಗೆಯಲ್ಲಿ ಐದು ರೂಪಾಯಿ ಹೆಚ್ಚು ಕೊಟ್ಟರೂ ಇವೆಲ್ಲ ನಡೆದು ಹೋಗುವಷ್ಟು ಹತ್ತಿರ ಸಿಕ್ಕರೆ ಅದು ದುಬಾರಿ ಎನ್ನಿಸುವುದಿಲ್ಲ.

ಇಷ್ಟರಲ್ಲಿ ಕಾನೂನು ಆಟದ ನಿಯಮವನ್ನೇ ಬದಲಿಸಿತು. 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯ್ದೆ 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯನ್ನು ಪ್ರಮಾಣವಾಗಿ ಹಿಡಿಯಿತು. ಯುದ್ಧ, ವಿಭಜನೆ, ನಿರಾಶ್ರಿತರ ಪ್ರವಾಹದ ಕಾಲದಲ್ಲಿ ಬಡ ಬಾಡಿಗೆದಾರರನ್ನು ರಕ್ಷಿಸಿದ ಕಾಯ್ದೆ ಅದು. ಅದರ ಅಗತ್ಯವನ್ನು ಅಲ್ಲಗಳೆಯಲಾಗದು. ಆದರೆ ದಶಕಗಳ ಕಾಲ ಬಾಡಿಗೆ ಅಲ್ಲೇ ನಿಂತಾಗ ಒಳಗಿರುವವರಿಗೆ ಮುಂಬಯಿ ಅಗ್ಗದ ನಗರವಾಯಿತು, ಹೊರಗಿನಿಂದ ಬರುವವರಿಗೆ ಮುಚ್ಚಿದ ನಗರವಾಯಿತು. ಖೋಲಿಯ ತಿಂಗಳ ಬಾಡಿಗೆ ಚಿಲ್ಲರೆ ಕಾಸು, ಒಳಬರಲು ಕೊಡಬೇಕಾದ ಪಗಡಿ ಮಾತ್ರ ವರ್ಷಗಳ ಸಂಬಳ. ಪಗಡಿಯನ್ನು ಬಹಿರಂಗವಾಗಿ ಕೇಳುವಂತಿರಲಿಲ್ಲವಾದ್ದರಿಂದ ವ್ಯವಹಾರ ನಂಬಿಕಸ್ತರ ನಡುವೆಯೇ ನಡೆಯಿತು. ಗುರುತಿದ್ದವರ ಮೂಲಕ ಹೋಗದೆ ಹೊಸಬರಿಗೆ ಬೇರೆ ದಾರಿ ಉಳಿಯಲಿಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 2000ದಲ್ಲಿ ಜಾರಿಗೆ ಬಂದಾಗ, ಆ ಪಗಡಿಯನ್ನು ಕೊನೆಗೂ ಕಾನೂನಿನೊಳಗೆ ತಂದಿತು.

ಇನ್ನೊಂದು ತಿರುವು 1973ರದು. ಆ ವರ್ಷದ ಫೆಬ್ರವರಿ 1ರಂದು ಪರವಾನಗಿಯ ಆಧಾರದ ಮೇಲೆ ಮನೆಯಲ್ಲಿ ಇದ್ದವರಿಗೆ 1947ರ ಕಾಯ್ದೆಯ ತಿದ್ದುಪಡಿಯೊಂದು ಬಾಡಿಗೆದಾರರ ರಕ್ಷಣೆ ಕೊಟ್ಟಿತು. ಅಲ್ಲಿಂದ ಮಾಲಿಕರು ಅಪರಿಚಿತರಿಗೆ ಮನೆ ಕೊಡಲು ಹೆದರತೊಡಗಿದರು. ಹನ್ನೊಂದು ತಿಂಗಳ ‘ಲೀವ್ ಅಂಡ್ ಲೈಸೆನ್ಸ್’ ಕರಾರು, ದೊಡ್ಡ ಡಿಪಾಜಿಟ್, ಸೊಸೈಟಿಯ ಒಪ್ಪಿಗೆ ಪತ್ರ ಇವೆಲ್ಲ ಆ ಹೆದರಿಕೆಯ ನೆರಳಿನಲ್ಲಿ ಬೆಳೆದವು. ಇಂದು ಐಟಿ ಕೆಲಸಕ್ಕೆ ಪವಯಿಗೋ ಅಂಧೇರಿಗೋ ಬರುವ ಹುಬ್ಬಳ್ಳಿಯ ತರುಣಿ ಹನ್ನೊಂದು ತಿಂಗಳಿಗೊಮ್ಮೆ ದಲ್ಲಾಳಿಗೆ ಕಮಿಷನ್ ಕೊಡುವಾಗ, ತಾನು ಹುಟ್ಟುವ ಮೊದಲಿನ ಕಾನೂನಿನ ತೆರಿಗೆಯನ್ನೇ ಕಟ್ಟುತ್ತಿರುತ್ತಾಳೆ.

ಮುಚ್ಚಿದ ದ್ವೀಪನಗರದಿಂದ ಜನರನ್ನು ಹೊರಕ್ಕೆ ಒಯ್ದದ್ದು ಲೋಕಲ್ ರೈಲು. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಿಂದ ಸುಮಾರು 48 ಕಿಲೋಮೀಟರು ದೂರದ ಡೊಂಬಿವಲಿ, ಚರ್ಚ್‌ಗೇಟ್‌ನಿಂದ ಸುಮಾರು 60 ಕಿಲೋಮೀಟರು ದೂರದ ವಿರಾರ್. ತಿಂಗಳ ಪಾಸಿನ ದರ ತೀರ ಕಡಿಮೆಯಿದ್ದುದರಿಂದ ಅಲೊನ್ಸೊ ಹೇಳಿದ ಓಡಾಟದ ಖರ್ಚು ಜೇಬಿಗೆ ಬೀಳಲಿಲ್ಲ, ದೇಹಕ್ಕೆ ಬಿತ್ತು. ಪಗಡಿ ಕೊಡಲಾರದ ಗುಮಾಸ್ತರು, ಶಿಕ್ಷಕರು, ಬ್ಯಾಂಕು ನೌಕರರು ಡೊಂಬಿವಲಿಯಲ್ಲಿ ಒಂದು ಕೋಣೆ–ಅಡುಗೆಮನೆಯ ಸ್ವಂತ ಫ್ಲ್ಯಾಟು ಕೊಂಡರು. ಅಲ್ಲಿ ಕರ್ನಾಟಕ ಸಂಘ ಬೆಳೆದು ಶಾಲೆಯನ್ನೂ ಕಟ್ಟಿತು. ಹೊಸ ಬಡಾವಣೆಗೂ ಹಳೆಯ ಜಾಮೀನೇ ಒಯ್ದಿತು: ಬ್ಯಾಂಕಿನ ಸಹೋದ್ಯೋಗಿ ಕೊಂಡ ಕಟ್ಟಡದಲ್ಲೇ ಮತ್ತೊಂದು ಫ್ಲ್ಯಾಟು. ಈ ಆಯ್ಕೆಯ ಬೆಲೆಯನ್ನು ಹೆಚ್ಚಾಗಿ ತೆತ್ತವರು ದುಡಿಯುವ ಹೆಂಗಸರು. ನಸುಕಿನಲ್ಲೆದ್ದು ಡಬ್ಬಿ ಕಟ್ಟಿ, ಗಂಟೆಗೂ ಮಿಕ್ಕಿ ಗಾಡಿಯಲ್ಲಿ ನಿಂತು ಹೋಗಿ, ಹಾಗೆಯೇ ನಿಂತು ಬಂದು ಮತ್ತೆ ಒಲೆ ಹಚ್ಚಿದವರು ಅವರು. ಬಾಡಿಗೆ ಮತ್ತು ದೂರವನ್ನು ತೂಗುವ ಯಾವ ಅಧ್ಯಯನವೂ ಮನೆಯೊಳಗೆ ಆ ದೂರವನ್ನು ಯಾರು ನಡೆದರು ಎಂದು ಕೇಳದೆ ಪೂರ್ಣವಾಗದು.

ಆಯ್ಕೆ ಎಂಬ ಮಾತೇ ಹೊಂದದ ಕನ್ನಡಿಗರೂ ಮುಂಬಯಿಯಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ವಿಜಯಪುರ, ಕಲಬುರಗಿ ಕಡೆಯ ಬರದ ಊರುಗಳಿಂದ ಕಟ್ಟಡ ಕೆಲಸಕ್ಕೆ ಬಂದವರು ಬೆಳಿಗ್ಗೆ ದಿನಗೂಲಿಗೆ ಕರೆಯಲು ಬರುವವರನ್ನು ಕಾಯುತ್ತ ನಾಕಾದಲ್ಲಿ, ಅಂದರೆ ರಸ್ತೆ ಕೂಡುವೆಡೆಯಲ್ಲಿ, ನಿಲ್ಲಬೇಕು, ಆದ್ದರಿಂದ ನಾಕಾಕ್ಕೆ ನಡೆದು ಬರುವಷ್ಟು ಹತ್ತಿರದಲ್ಲಿ ಜೋಪಡಿ ಹಾಕಬೇಕು. ಅವರ ನೆಲೆಯನ್ನು ಭದ್ರಪಡಿಸುವುದು ಬಾಡಿಗೆಯ ಮೊತ್ತ ಅಲ್ಲ, ಒಂದು ತಾರೀಖು. 1995ರ ಕೊಳಗೇರಿ ಪುನರ್ವಸತಿ ಯೋಜನೆ ಆ ವರ್ಷದ ಜನವರಿ 1ಕ್ಕೆ ಮುಂಚೆ ಅಲ್ಲಿದ್ದವರನ್ನು ಅರ್ಹರೆಂದಿತು. ಮುಂದೆ ಆ ಗೆರೆ 2000ದ ಜನವರಿ 1ಕ್ಕೆ ಸರಿಯಿತು. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಮನೆ, ಇಲ್ಲದಿದ್ದರೆ ಬುಲ್‌ಡೋಜರ್. ಸುಗ್ಗಿಗೆ ಊರಿಗೆ ಹೋಗಿದ್ದಾಗ ಗಣತಿಯವರು ಬಂದು ಹೋದರೆ ವರ್ಷಗಳ ವಾಸ ಕಾಗದದಲ್ಲಿ ಅಳಿದುಹೋಗುತ್ತದೆ. ಇವರಿಗೆ ಜಾಮೀನು ನಿಂತ ಸಂಘಗಳು ತೀರ ಕಡಿಮೆ. ಮಹಾನಗರಪಾಲಿಕೆಯ ಕನ್ನಡ ಶಾಲೆಗಳು ಇವರ ಮಕ್ಕಳಿಗೆ ಬಾಗಿಲು ತೆರೆದಿದ್ದವು, ಅವೂ ಕುಗ್ಗುತ್ತಿವೆ.

ಇಲ್ಲಿ ಜಾಮೀನಿನ ಇನ್ನೊಂದು ಮುಖ ಕಾಣಿಸುತ್ತದೆ. ಪರಸ್ಪರ ನಂಬಿಕೆ ಜಾತಿಯ ಒಳಗೆ ಹುಟ್ಟಿದ್ದರಿಂದ ಅದು ಜಾತಿಯ ಅಂಚಿನಲ್ಲೇ ನಿಂತಿತು. ಗಾಮದೇವಿಯ ಗುಮಾಸ್ತರನ್ನು ಒಳಗೆ ಬರಮಾಡಿಕೊಂಡ ವ್ಯವಸ್ಥೆಯೇ ಉಳಿದವರನ್ನು ಹೊರಗಿಟ್ಟಿತು. ಅಹಮದಾಬಾದಿನ ಜೊರಾಸ್ಟ್ರಿಯನ್ ಸಹಕಾರಿ ಗೃಹನಿರ್ಮಾಣ ಸಂಘದ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟು, ಸದಸ್ಯತ್ವವನ್ನು ಪಾರ್ಸಿಗಳಿಗಷ್ಟೇ ಸೀಮಿತಗೊಳಿಸುವ ಉಪವಿಧಿಯನ್ನು ಎತ್ತಿಹಿಡಿಯಿತು. ಚಿಕ್ಕ ಸಮುದಾಯಗಳು ಒಟ್ಟಿಗಿರಲು ಬಯಸುವುದನ್ನು ಅರ್ಥಮಾಡಿಕೊಳ್ಳಬಹುದು. ಆದರೆ ಆ ತರ್ಕವನ್ನು ನಗರದ ಎಲ್ಲ ಸೊಸೈಟಿಗಳೂ ಹಿಡಿದರೆ ಮುಸ್ಲಿಮರಿಗೆ, ದಲಿತರಿಗೆ, ಒಂಟಿ ಹೆಣ್ಣಿಗೆ, ಮಾಂಸ ತಿನ್ನುವವರಿಗೆ ಉಳಿಯುವ ಮುಂಬಯಿ ಎಷ್ಟು? ಸಂಬಳ, ಡಿಪಾಜಿಟ್, ಗುರುತಿನ ಚೀಟಿ ಎಲ್ಲ ಇದ್ದೂ ಹೆಸರು ಕೇಳಿದ ಕೂಡಲೇ ಮನೆ ನಿರಾಕರಿಸಿಕೊಂಡವರ ಪಾಲಿಗೆ ಅಲೊನ್ಸೊ ಮಾದರಿಯ ಎರಡು ಅಕ್ಷಗಳೂ ನಿರರ್ಥಕ. ಹೊಸಬರ ನೆಲೆಯ ಅಧ್ಯಯನಕ್ಕೆ ಬಾಡಿಗೆ ಮತ್ತು ದೂರದ ಜೊತೆಗೆ ಜಾಮೀನನ್ನು ಮೂರನೆಯ ಅಳತೆಯಾಗಿ ಸೇರಿಸಲೇಬೇಕು, ಅದು ಯಾರಿಗೆ ಸಿಗಲಿಲ್ಲ ಎಂಬುದನ್ನೂ ಅಷ್ಟೇ ಎಚ್ಚರದಿಂದ ದಾಖಲಿಸಬೇಕು.

ಮುಂಬಯಿಯ ಹಳೆಯ ಕಟ್ಟಡಗಳು ಒಂದೊಂದಾಗಿ ಪುನರ್ನಿರ್ಮಾಣಕ್ಕೆ ಉರುಳುತ್ತಿವೆ. ಅವುಗಳ ಜೊತೆ ಸದಸ್ಯರ ಪಟ್ಟಿ, ಸಾಲದ ಜಾಮೀನು ಪತ್ರ, ರಾತ್ರಿ ಶಾಲೆಯ ಹಾಜರಿ ಪುಸ್ತಕಗಳು ರದ್ದಿಗೆ ಸೇರುವ ಅಪಾಯವಿದೆ. ಕನ್ನಡ ಸಂಘಗಳು ಈ ಕಾಗದಗಳನ್ನು ಸ್ಕ್ಯಾನ್ ಮಾಡಿಸಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೋ ಸಾರ್ವಜನಿಕ ಗ್ರಂಥಾಲಯಕ್ಕೋ ಒಪ್ಪಿಸಬೇಕೆಂದು ಬೇಡುತ್ತೇನೆ. ಅದರ ಜೊತೆಗೆ ಇನ್ನೊಂದು ಕೋರಿಕೆ: ನಿಮ್ಮ ಹಿರಿಯರು ತಮ್ಮವರಿಗೆ ನಿಂತ ಜಾಮೀನನ್ನು ಇಂದು ಊರಿನಿಂದ ಬರುವ ಯಾವುದೇ ಜಾತಿಯ, ಯಾವುದೇ ಧರ್ಮದ ಹುಡುಗ ಹುಡುಗಿಗೆ ನಿಲ್ಲಿ.