ಸೌರಕೋಶದ ಸಿಲಿಕಾನ್ ಬಿಲ್ಲೆ

ಸೌರಕೋಶಕ್ಕೆ ತಳಹದಿಯಾಗುವ ತೆಳು ಸಿಲಿಕಾನ್ ಹಾಳೆ. ಕಾರ್ಖಾನೆಗಳಲ್ಲಿ ಇದಕ್ಕೆ ವೇಫರ್ ಎನ್ನುತ್ತಾರೆ. ಯಾದಗಿರಿ ಜಿಲ್ಲೆಯ ಸೈದಾಪುರದಂಥ ಬಿರುಬಿಸಿಲಿನ ಊರುಗಳ ಮಾಳಿಗೆಯ ಮೇಲಿರಲಿ, ಪಾವಗಡದ 2,050 ಮೆಗಾವಾಟ್ ಸೌರ ಉದ್ಯಾನದಲ್ಲಿರಲಿ, ಬಹುಪಾಲು ಫಲಕಗಳ ಒಡಲಲ್ಲಿರುವುದು ಈ ಬಿಲ್ಲೆಯೇ.

ಬೆಣಚುಕಲ್ಲನ್ನು ಇಂಗಾಲದೊಡನೆ ವಿದ್ಯುತ್ ಕುಲುಮೆಯಲ್ಲಿ ಕಾಯಿಸಿದರೆ ಶೇ. 98–99 ಶುದ್ಧತೆಯ ಸಿಲಿಕಾನ್ ಸಿಗುತ್ತದೆ. ಸೌರಕೋಶಕ್ಕೆ ಇಷ್ಟು ಸಾಲದು. ಅದನ್ನು ಟ್ರೈಕ್ಲೋರೋಸಿಲೇನ್ ದ್ರವವಾಗಿಸಿ, ಬಟ್ಟಿಯಿಳಿಸಿ, ಅದರ ಆವಿಯಿಂದ ಕಾದ ಸರಳುಗಳ ಮೇಲೆ ಶುದ್ಧ ಸಿಲಿಕಾನ್ ಕೂಡುವಂತೆ ಮಾಡುತ್ತಾರೆ. ಇದೇ ಪಾಲಿಸಿಲಿಕಾನ್. ಈ ಕಠಿಣ ಹಂತದಲ್ಲಿ ಕರ್ನಾಟಕದ ಹೆಮ್ಮೆಯ ಪಾಲಿದೆ: 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನವಿಜ್ಞಾನಿ ಎ. ಆರ್. ವಾಸುದೇವಮೂರ್ತಿ ಮತ್ತು ಸಂಗಡಿಗರು ರೂಪಿಸಿದ ತಂತ್ರದಿಂದ ತಮಿಳುನಾಡಿನ ಮೆಟ್ಟೂರಿನ ಮೆಟ್‌ಕೆಮ್ ಕಾರ್ಖಾನೆ ಪಾಲಿಸಿಲಿಕಾನ್ ತಯಾರಿಸಿತು.

ಸಿಲಿಕಾನ್ ಕರಗುವುದು 1,414 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬೆಣಚಿನ ಮೂಸೆಯಲ್ಲಿ ಕರಗಿಸಿ, ಬೋರಾನ್, ಗ್ಯಾಲಿಯಂ ಅಥವಾ ರಂಜಕವನ್ನು ಎಳ್ಳಷ್ಟು ಬೆರೆಸಿ, ಬೀಜಹರಳೊಂದನ್ನು ಅದ್ದಿ ತಿರುಗಿಸುತ್ತ ನಿಧಾನವಾಗಿ ಮೇಲೆತ್ತಿದರೆ ಉದ್ದನೆಯ ಏಕಹರಳಿನ ಗಟ್ಟಿ ಬೆಳೆಯುತ್ತದೆ. ಪೋಲೆಂಡಿನ ಯಾನ್ ಚೊಖ್ರಾಲ್‌ಸ್ಕಿ 1916ರಲ್ಲಿ ಕಂಡುಕೊಂಡ ವಿಧಾನವಿದು. ಗಟ್ಟಿಯ ಬದಿಗಳನ್ನು ಚೌಕಾಕಾರಕ್ಕೆ ತಂದು, ವಜ್ರದ ಕಣ ಕೂರಿಸಿದ ಸಣ್ಣ ತಂತಿಗಳಿಂದ ಏಕಕಾಲಕ್ಕೆ ನೂರಾರು ಬಿಲ್ಲೆಗಳಾಗಿ ಕೊಯ್ಯುತ್ತಾರೆ. ಬಿಲ್ಲೆಯ ದಪ್ಪ ಈಗ 150 ಮೈಕ್ರೋಮೀಟರಿನ ಆಸುಪಾಸು ಅಥವಾ ಅದಕ್ಕೂ ಕಡಿಮೆ.

ಅಷ್ಟು ಶ್ರಮದಿಂದ ಶುದ್ಧಗೊಳಿಸಿದ ಸಿಲಿಕಾನ್ ಕೊಯ್ಲಿನಲ್ಲಿ ಪುಡಿಯಾಗಿ ಹೋಗುವುದೇ ಈ ತಯಾರಿಕೆಯ ದೊಡ್ಡ ನಷ್ಟ. ಹಳೆಯ ತಂತಿಗರಗಸಗಳಲ್ಲಿ ಗಟ್ಟಿಯ ಹೆಚ್ಚುಕಡಿಮೆ ಅರ್ಧದಷ್ಟು ಹೀಗೆ ವ್ಯರ್ಥವಾಗುತ್ತಿತ್ತು. ಕೊಯ್ಯುವುದನ್ನೇ ತಪ್ಪಿಸಿ ದ್ರವದಿಂದ ನೇರವಾಗಿ ಹಾಳೆ ಎಳೆಯುವ ಪ್ರಯತ್ನಗಳೂ ನಡೆದವು. ಅಮೆರಿಕದ ಎವರ್‌ಗ್ರೀನ್ ಸೋಲಾರ್ ಎರಡು ಎಳೆಗಳ ನಡುವೆ ಸೋಪಿನ ನೀರಿನ ಪೊರೆಯಂತೆ ಸಿಲಿಕಾನ್ ಪಟ್ಟಿ ಎಳೆಯಿತು. ಅಗ್ಗವಾಗುತ್ತಿದ್ದ ಪಾಲಿಸಿಲಿಕಾನ್ ಮತ್ತು ಚೀನಾದ ಫಲಕಗಳ ಎದುರು ನಿಲ್ಲಲಾಗದೆ ಕಂಪನಿ 2011ರಲ್ಲಿ ದಿವಾಳಿಯಾಯಿತು. ಜಾಣತನದ ದಾರಿಯೊಂದು ಬೆಲೆಯ ಪೈಪೋಟಿಯಲ್ಲಿ ಮುಚ್ಚಿಹೋದದ್ದು ವಿಷಾದದ ಸಂಗತಿ.

ಕರ್ನಾಟಕದಲ್ಲಿ ಬೆಳೆದದ್ದು ಬಿಲ್ಲೆಯ ಮುಂದಿನ ಕೆಲಸ. ಬೆಂಗಳೂರಿನಲ್ಲಿ ಬಿಎಚ್‌ಇಎಲ್ ಮತ್ತು 1989ರಲ್ಲಿ ಆರಂಭವಾದ ಟಾಟಾ ಬಿಪಿ ಸೋಲಾರ್ (ಈಗಿನ ಟಾಟಾ ಪವರ್ ಸೋಲಾರ್) ಕೋಶ, ಫಲಕಗಳನ್ನು ತಯಾರಿಸಿವೆ. ಬಿಲ್ಲೆಗಾಗಿ ಮಾತ್ರ ದೇಶ ಬಹುಮಟ್ಟಿಗೆ ಚೀನಾವನ್ನು ನೆಚ್ಚಿಕೊಂಡಿದೆ. ಜಗತ್ತಿನ ಬಿಲ್ಲೆಗಳಲ್ಲಿ ಶೇ. 95ಕ್ಕೂ ಹೆಚ್ಚು ಅಲ್ಲಿಯವು. ಹರಳು ಬೆಳೆಸುವ ಕುಲುಮೆ ದಿನಗಟ್ಟಲೆ ಆರಬಾರದು, ಆದ್ದರಿಂದ ಅಗ್ಗದ, ಕೈಕೊಡದ ವಿದ್ಯುತ್ ಇದ್ದಲ್ಲಿ ಮಾತ್ರ ಈ ಉದ್ಯಮ ನಿಲ್ಲುತ್ತದೆ. ಭಾರತದಲ್ಲಿ ಗುಜರಾತಿನ ಮುಂದ್ರಾದಲ್ಲಿ ಅದಾನಿ ಸಮೂಹ ಗಟ್ಟಿ ಮತ್ತು ಬಿಲ್ಲೆಗಳ ತಯಾರಿಕೆಗೆ ಇಳಿದಿದೆ.