ನಸೀಮ್ ಬಾಗಿನ ಚಿನಾರ್

ಅಕ್ಟೋಬರ್ ಕೊನೆಗೆ ಶ್ರೀನಗರಕ್ಕೆ ಹೋದವರೆಲ್ಲ ಚಿನಾರ್ ಮರಗಳ ಎಲೆ ನೋಡಲು ಶಾಲಿಮಾರ್, ನಿಶಾತ್‌ ತೋಟಗಳಿಗೇ ಮುಗಿಬೀಳುತ್ತಾರೆ. ನನ್ನ ಓಟು ನಸೀಮ್ ಬಾಗಿಗೆ. ಹಜರತ್‌ಬಲ್ ಮಸೀದಿಯ ಹತ್ತಿರ, ಕಾಶ್ಮೀರ ವಿಶ್ವವಿದ್ಯಾಲಯದ ಆವರಣದೊಳಗೇ ಇದೆ. ಕಾರಂಜಿಗಳ ಆಡಂಬರವಿಲ್ಲ, ಬರೀ ಸಾಲುಮರ. 1586ರಲ್ಲಿ ಕಾಶ್ಮೀರ ಅಕ್ಬರನ ಕೈಸೇರಿದ ಮೇಲೆ ಹುಟ್ಟಿದ ತೋಟ. ಸಸಿ ನೆಡಿಸಿದ್ದು ಷಾಜಹಾನ್ ಎನ್ನುವವರೂ ಇದ್ದಾರೆ. ಹಾಗೆಂದು ಚಿನಾರನ್ನು ಮೊಗಲರೇ ತಂದರೆಂದು ಗೈಡ್ ಹೇಳಿದರೆ ತಲೆಯಾಡಿಸಬೇಡಿ. ಬಡಗಾಮ್ ಜಿಲ್ಲೆಯ ಛತ್ತರ್‌ಗಾಮಿನ ಮುದಿಮರವನ್ನು 1374ರಲ್ಲೇ ಸೂಫಿ ಸಂತರೊಬ್ಬರು ನೆಟ್ಟರೆಂಬುದು ಅಲ್ಲಿಯವರ ನಂಬಿಕೆ.

ಅಂಗೈಯಗಲದ ಎಲೆ ಮೊದಲು ಹಳದಿಗೆ ತಿರುಗಿ, ಕಡೆಗೆ ಇಟ್ಟಿಗೆಗೆಂಪಾಗಿ ಉದುರುತ್ತದೆ. ಆಮೇಲಿನದು ಹೆಂಗಸರ ಕೆಲಸ. ಗುಡಿಸಿ, ರಾಶಿ ಹಾಕಿ, ಬೆಂಕಿ ಕೊಟ್ಟು, ಪೂರ್ತಿ ಬೂದಿಯಾಗುವ ಮೊದಲೇ ನೀರು ಚಿಮುಕಿಸುತ್ತಾರೆ. ಹಾಗೆ ಸಿಕ್ಕ ಇದ್ದಿಲು ಚೀಲ ತುಂಬಿಕೊಂಡು ಚಳಿಗಾಲಕ್ಕೆ ಕಾಯುತ್ತದೆ. ಬುಟ್ಟಿ ಹೆಣೆದ ಮಣ್ಣಿನ ಕುಡಿಕೆ, ಅದೇ ಕಾಂಗ್ಡಿ. ಅದಕ್ಕೆ ಈ ಇದ್ದಿಲು ತುಂಬಿ, ಕೆಂಡ ಮಾಡಿ, ಫೆರನ್ ನಿಲುವಂಗಿಯೊಳಗೆ ಹಿಡಿದು ಓಡಾಡುತ್ತಾರೆ. ಹೊಗೆಯ ಕಾರಣಕ್ಕೆ ಸರ್ಕಾರ ಈಚೆಗೆ ಎಲೆ ಸುಡುವುದಕ್ಕೆ ತಡೆ ಹಾಕಿದೆ. ಹೊಗೆಯ ಕಾಟ ಸುಳ್ಳಲ್ಲ. ಆದರೆ ಪುಕ್ಕಟೆ ಇದ್ದಿಲು ನಿಂತರೆ, ಬಡವರು ಅದನ್ನೂ ದುಡ್ಡು ಕೊಟ್ಟೇ ತರಬೇಕು.