ಹಳೆಯ ನುಡಿ, ಬರಹ ಕಡತಗಳನ್ನು ಉಳಿಸಿಕೊಳ್ಳುವುದು ಹೇಗೆ?

ಕಚೇರಿಯ ಹಳೆಯ ಕಂಪ್ಯೂಟರ್ ಕೆಟ್ಟು ಹೊಸದು ಬಂದ ಮೇಲೆ ಹಿಂದಿನ ವಾರ್ಷಿಕ ವರದಿ, ಸ್ಮರಣ ಸಂಚಿಕೆ ಅಥವಾ ಸದಸ್ಯರ ಪಟ್ಟಿಯನ್ನು ತೆರೆದರೆ ಕನ್ನಡದ ಬದಲು ಪೌಂಡ್ ಗುರುತು, ತಲೆಯ ಮೇಲೆ ಗೆರೆಯಿರುವ ಇಂಗ್ಲಿಷ್ ಅಕ್ಷರಗಳು ಕಾಣುವುದುಂಟು. ಕನ್ನಡ ಲಿಪಿಯಲ್ಲಿ ಬರೆದ ಕೊಂಕಣಿ, ತುಳು ಬರಹಗಳಿಗೂ ಇದೇ ಗತಿ. ಕಡತ ಹಾಳಾಗಿದೆಯೆಂದು ಅಳಿಸಿಬಿಡಬೇಡಿ. ಹೆಚ್ಚಿನ ಸಂದರ್ಭಗಳಲ್ಲಿ ಅದರೊಳಗಿನ ಮಾಹಿತಿ ಸುರಕ್ಷಿತವಾಗಿಯೇ ಇರುತ್ತದೆ.

ಕಾರಣವೇನು?
ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸ್ಥಾನದಲ್ಲಿ ಕನ್ನಡ ಅಕ್ಷರಗಳ ಆಕಾರಗಳನ್ನು ಕೂರಿಸಲಾಗಿತ್ತು. ಕಂಪ್ಯೂಟರ್ ಉಳಿಸಿಕೊಂಡದ್ದು ಇಂಗ್ಲಿಷ್ ಸಂಕೇತವನ್ನು; ಕನ್ನಡವಾಗಿ ತೋರಿಸಿದ್ದು ಫಾಂಟ್. ಆ ಫಾಂಟ್ ಇಲ್ಲದಿದ್ದರೆ ಸಂಕೇತಗಳು ಮಾತ್ರ ಕಾಣುತ್ತವೆ. ಯೂನಿಕೋಡ್‌ನಲ್ಲಿ ಹಾಗಲ್ಲ, ಕನ್ನಡ ಲಿಪಿಗೆಂದೇ 128 ಸ್ಥಾನಗಳ ವಿಭಾಗವಿದೆ. ಆದ್ದರಿಂದ ಅದರಲ್ಲಿ ಬರೆದದ್ದು ಮೊಬೈಲ್, ಇ-ಮೇಲ್ ಎಲ್ಲೆಡೆಯೂ ಕನ್ನಡವಾಗಿಯೇ ಕಾಣುತ್ತದೆ, ಹುಡುಕಿದರೂ ಸಿಗುತ್ತದೆ.

ಪರಿಹಾರದ ಕ್ರಮ
1. ಮೊದಲು ಮೂಲ ಕಡತದ ಪ್ರತಿ ಮಾಡಿ, ಪ್ರತಿಯಲ್ಲಿಯೇ ಕೆಲಸ ಮಾಡಿ.

2. ಅಕ್ಷರಗಳನ್ನು ಆಯ್ದು ಫಾಂಟ್‌ನ ಹೆಸರು ನೋಡಿ. 'ನುಡಿ' ಅಥವಾ 'ಬಿಆರ್‌ಎಚ್' ಎಂದು ಆರಂಭವಾಗುವ ಹೆಸರಿದ್ದು ಅಕ್ಷರಗಳು ಗೋಜಲಾಗಿದ್ದರೆ ಅದು ಹಳೆಯ ಪದ್ಧತಿಯ ಕಡತ. ತುಂಗಾ ಅಥವಾ ನಿರ್ಮಲಾ ಫಾಂಟ್‌ನಲ್ಲಿ ಕನ್ನಡ ಸರಿಯಾಗಿ ಕಾಣುತ್ತಿದ್ದರೆ ಅದು ಯೂನಿಕೋಡ್, ಪರಿವರ್ತನೆ ಬೇಡ.

3. ಓದಲು ಅಥವಾ ಮುದ್ರಿಸಲು ಮಾತ್ರ ಬೇಕಿದ್ದರೆ ಆ ಫಾಂಟ್‌ನ ಕಡತದ ಮೇಲೆ ಬಲ ಕ್ಲಿಕ್ ಮಾಡಿ ಇನ್‌ಸ್ಟಾಲ್ ಮಾಡಿದರೆ ಸಾಕು.

4. ಮುಂದೆಯೂ ಬಳಸಬೇಕಾದರೆ ಯೂನಿಕೋಡ್‌ಗೆ ಪರಿವರ್ತಿಸಿ. ಅಂತರ್ಜಾಲದಲ್ಲಿ ಉಚಿತ ಪರಿವರ್ತಕಗಳಿವೆ. ಆದರೆ ಜನ್ಮದಿನಾಂಕ, ವಿಳಾಸ, ಫೋನ್ ಸಂಖ್ಯೆಗಳಿರುವ ಪಟ್ಟಿಯನ್ನು ಅಲ್ಲಿ ಹಾಕದೆ, ಕಂಪ್ಯೂಟರಿನಲ್ಲಿಯೇ ಕೆಲಸ ಮಾಡುವ ಪರಿವರ್ತಕ ಬಳಸುವುದು ಉತ್ತಮ. ಶ್ರೀಲಿಪಿಯ ಸಂಕೇತ ಬೇರೆಯಾದ್ದರಿಂದ ನುಡಿಯ ಪರಿವರ್ತಕ ಅದಕ್ಕೆ ಹೊಂದುವುದಿಲ್ಲ.

5. ನಡುವೆ ಇರುವ ಇಂಗ್ಲಿಷ್ ಪದಗಳನ್ನು ಬಿಟ್ಟು ಕನ್ನಡ ಭಾಗವನ್ನು ಮಾತ್ರ ಪರಿವರ್ತಿಸಿ. ಇಲ್ಲವಾದರೆ ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡವಾಗುತ್ತವೆ.

6. ಹಳೆಯ ಮುದ್ರಿತ ಪ್ರತಿಯೊಂದಿಗೆ ಹೋಲಿಸಿ ನೋಡಿ. ಹೆಚ್ಚು ತಪ್ಪಾಗುವುದು ಅರ್ಕಾವತ್ತು, ಒತ್ತಕ್ಷರ ಮತ್ತು ಅಂಕೆಗಳಲ್ಲಿ. 'ಫೆರ್ನಾಂಡಿಸ್', 'ಕರ್ಕೇರ' ಮುಂತಾದ ಹೆಸರುಗಳನ್ನೂ ಇಸವಿಗಳನ್ನೂ ಒಂದೊಂದಾಗಿ ಪರೀಕ್ಷಿಸಿ. ಪಟ್ಟಿಯಲ್ಲಿ ಒಂದು ಅಕ್ಷರ ತಪ್ಪಿದರೂ ನಾಳೆ ದಾಖಲೆ ಕೇಳಿ ಬಂದವರ ಹೆಸರು ಹುಡುಕಿದಾಗ ಸಿಗದೆ ಹೋಗಬಹುದು.

ಬಳಸಬಹುದಾದ ತಂತ್ರಾಂಶಗಳು
ನುಡಿ: ಕನ್ನಡ ಗಣಕ ಪರಿಷತ್ತು ರೂಪಿಸಿದ ಉಚಿತ ತಂತ್ರಾಂಶ. ಇದರ ಕೀಲಿಮಣೆ ಮಂಗಳೂರು ಸಮೀಪದ ಕಿನ್ನಿಕಂಬಳ ಮೂಲದ ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದೆ. ಟೈಪ್ ಮಾಡುವ ಮೊದಲು ಯೂನಿಕೋಡ್ ಆಯ್ಕೆ ಮಾಡಿಕೊಳ್ಳಲು ಮರೆಯದಿರಿ.

ವಿಂಡೋಸ್‌ನ ಕೀಲಿಮಣೆ: ವಿಂಡೋಸ್ 10ರ 2019ರ ಆವೃತ್ತಿಯಿಂದ, ಉಚ್ಚಾರಣೆಯಂತೆ ಟೈಪ್ ಮಾಡುವ ಕನ್ನಡ ಕೀಲಿಮಣೆ ಅದರಲ್ಲಿಯೇ ಇದೆ. ಸೆಟ್ಟಿಂಗ್ಸ್‌ನ ಭಾಷಾ ವಿಭಾಗದಲ್ಲಿ ಕನ್ನಡ ಸೇರಿಸಿ, ಅದರ ಆಯ್ಕೆಗಳಲ್ಲಿ ಈ ಕೀಲಿಮಣೆಯನ್ನೂ ಸೇರಿಸಿಕೊಳ್ಳಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿರುವುದನ್ನೂ ಗಮನಿಸಿ.

ಲಿಬ್ರೆಆಫೀಸ್: ವರದಿ, ಲೆಕ್ಕಪತ್ರಗಳಿಗೆ ಉಚಿತ ತಂತ್ರಾಂಶ. ಹಳೆಯ ಪೇಜ್‌ಮೇಕರ್ ಕಡತಗಳನ್ನೂ ಇದರ 'ಡ್ರಾ' ವಿಭಾಗದಲ್ಲಿ ತೆರೆದು ನೋಡಬಹುದು, ಆದರೆ ಪುಟವಿನ್ಯಾಸ ಮೊದಲಿನಂತೆಯೇ ಬರುವ ಭರವಸೆಯಿಲ್ಲ.

ಕೆಲಸ ಮುಗಿದ ಮೇಲೆ ಮೂಲ ಕಡತ, ಯೂನಿಕೋಡ್ ಪ್ರತಿ ಮತ್ತು ಪಿಡಿಎಫ್ ಮೂರನ್ನೂ ಜೋಪಾನವಾಗಿಡಿ. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಇನ್ನೊಂದು ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ, ಮತ್ತೊಂದು ಬೇರೆ ಕಟ್ಟಡದಲ್ಲಿರಲಿ. ಮಳೆಗಾಲದ ಸಿಡಿಲು ಒಂದೇ ಕೋಣೆಯಲ್ಲಿರುವ ಎರಡು ಯಂತ್ರಗಳನ್ನೂ ಒಟ್ಟಿಗೆ ಸುಡಬಲ್ಲದು. ಹಳೆಯ ಕಂಪ್ಯೂಟರನ್ನು ಗುಜರಿಗೆ ಕೊಡುವ ಮೊದಲು ಅದರಲ್ಲಿರುವ ಫಾಂಟ್‌ಗಳ ಫೋಲ್ಡರನ್ನೂ ಪ್ರತಿ ಮಾಡಿಕೊಳ್ಳಿ.